ನಾಲ್ಕನೇ ಸೀಲು

ಆಯಿಲ್ ಸೀಲು ಕೂರಿಸುವುದರಲ್ಲಿ ನನ್ನನ್ನು ಮೀರಿಸುವವರು ಹರಿಹರದಲ್ಲೂ ಇಲ್ಲ, ದಾವಣಗೆರೆಯಲ್ಲೂ ಇಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಹೇಳಿದರೂ ತಪ್ಪೇನು? ಮೂವತ್ತೊಂದು ವರ್ಷ ಎಣ್ಣೆಯಲ್ಲಿ ಕೈ ಅದ್ದಿದವನಿಗೆ ಅಷ್ಟಾದರೂ ಜಂಬ ಇರಬಾರದೇ? ಎಂಜಿನ್ನಿನಿಂದ ಶಾಫ್ಟು ಹೊರಗೆ ಬರುವ ಜಾಗದಲ್ಲಿ ಒಂದು ರಬ್ಬರ್ ಬಳೆ ಇರುತ್ತದೆ, ಅದೇ ಸೀಲು. ಶಾಫ್ಟು ತಿರುಗುತ್ತಿರಬೇಕು, ಎಣ್ಣೆ ಮಾತ್ರ ಒಳಗೇ ಇರಬೇಕು. ಸೀಲು ಕೂದಲೆಳೆಯಷ್ಟು ಓರೆಯಾಗಿ ಕೂತರೂ ಸೋರಲು ಶುರುವಾಗುತ್ತದೆ. ನಾನು ಕೂರಿಸಿದ್ದು ಸೋರುವುದಿಲ್ಲ. ಮಾಯಕೊಂಡದಿಂದ ಲಗೇಜ್ ಆಟೋದಲ್ಲಿ ಗಾಡಿ ಹೇರಿಕೊಂಡು ಹರಿಹರದ ನನ್ನ ಗ್ಯಾರೇಜಿಗೆ ಬಂದವರಿದ್ದಾರೆ. ಜನ ನನ್ನನ್ನು ಸೀಲ್ ಉಚ್ಚಂಗೆಪ್ಪ ಅಂತಲೇ ಕರೆಯುವುದು.

ಅಂಥ ನನ್ನ ಕೆಲಸ ಮೂರು ಸಲ ಸೋರಿತು. ಅದೂ ಎಲ್ಲಿ, ಬೀಗರ ಮನೆಯಲ್ಲಿ.

ಬೀಗರು ಅಂತ ನಾನು ಹೇಳಿಕೊಳ್ಳಬೇಕು ಅಷ್ಟೆ. ಮುರುಗೇಶಪ್ಪನವರು ದಾವಣಗೆರೆಯಲ್ಲಿ ಮೆಕ್ಕೆಜೋಳದ ದಲ್ಲಾಳಿ ಅಂಗಡಿ ಇಟ್ಟವರು, ಕೆ.ಬಿ. ಬಡಾವಣೆಯಲ್ಲಿ ಎರಡಂತಸ್ತಿನ ಮನೆಯವರು. ಅವರು ನನ್ನನ್ನು ಒಂದು ದಿನವೂ ಬೀಗರೇ ಅನ್ನಲಿಲ್ಲ. ಮೇಸ್ತ್ರಿ ಅಂತಲೇ ಕರೆದರು. ಅವರ ಮಗ ಪ್ರಶಾಂತ ಕಾಲೇಜಿನಲ್ಲಿ ನನ್ನ ಮಗಳು ಸುಧಾಳನ್ನು ಮೆಚ್ಚಿ, ಹಟ ಹಿಡಿದು ಮದುವೆಯಾದ. ಜಾತಿ ಬೇರೆ, ಅಂತಸ್ತು ಬೇರೆ. ಮುರುಗೇಶಪ್ಪನವರು ಒಂದು ಮಾತಿನ ಮೇಲೆ ಒಪ್ಪಿದರು. ಹುಡುಗಿ ಹೊಸ್ತಿಲು ದಾಟಿ ಬಂದ ಮೇಲೆ ತವರಿಗೆ ಹೋಗಿಬರುವುದು, ತವರಿನವರು ಇಲ್ಲಿಗೆ ಬಂದುಹೋಗುವುದು ಎರಡೂ ಕೂಡದು. ಮದುವೆಯಾಗಲಿ, ಆಮೇಲೆ ಎಲ್ಲ ಸರಿಹೋಗುತ್ತದೆ ಅಂದುಕೊಂಡು ನಾನೂ ತಲೆಯಾಡಿಸಿದೆ. ಮದುವೆಯಾದ ಮೇಲೆ ಪ್ರಶಾಂತನ ಹಟ ಮುಗಿಯಿತು, ಅವನ ಅಪ್ಪನದು ಮುಗಿಯಲಿಲ್ಲ. ಫೋನ್ ಮಾಡಿದರೆ ಸುಧಾಳ ಪಕ್ಕದಲ್ಲಿ ಅವಳ ಅತ್ತೆ ಬಸವಣ್ಣೆಮ್ಮ ಕೂತಿರುತ್ತಿದ್ದರು. ಹೂಂ, ಆರಾಮಿದೀನಿ, ಊಟ ಆತು, ಇಷ್ಟೇ ಮಾತು. ನನ್ನ ಹೆಂಡತಿ ಭೀಮವ್ವ ಫೋನಿಟ್ಟು ಒಲೆಯ ಮುಂದೆ ಹೋಗಿ ಕೂತುಬಿಡುತ್ತಿದ್ದಳು.

ನಮ್ಮ ಮನೆಯಿಂದ ಆ ಮನೆಗೆ ಹೋದದ್ದು ಒಂದೇ ಸಾಮಾನು, ನಾನೇ ಎಂಜಿನ್ ಬಿಚ್ಚಿ ಹೊಸದು ಮಾಡಿದ ಒಂದು ಸ್ಕೂಟರು. ಮಾರ್ಕೆಟ್ಟಿಗೆ ಹೋಗಿಬರಲು, ಅತ್ತೆಯನ್ನು ಹಿಂದೆ ಕೂರಿಸಿಕೊಂಡು ಗುಡಿಗೆ ಹೋಗಲು ಅವರಿಗೂ ಅನುಕೂಲವಾಯಿತು, ಇಟ್ಟುಕೊಂಡರು. ಎಂಟು ತಿಂಗಳಿಗೆ ಅದು ಅವರ ಮನೆ ಮುಂದಿನ ಗ್ರಾನೈಟಿನ ಮೇಲೆ ಎಣ್ಣೆ ಬಿಟ್ಟಿತು. ಕೊಟ್ಟವರೇ ಬಂದು ರಿಪೇರಿ ಮಾಡಲಿ ಎಂದು ಮುರುಗೇಶಪ್ಪನವರು ಹೇಳಿ ಕಳಿಸಿದರು. ನಾನು ಸಾಮಾನಿನ ಚೀಲ ಹಿಡಿದು ಬಸ್ಸು ಹತ್ತಿದೆ. ಆ ಸಲ ನಿಜವಾಗಿಯೂ ಸೀಲಿನ ರಬ್ಬರು ಗಟ್ಟಿಯಾಗಿ ಬಿರುಕು ಬಿಟ್ಟಿತ್ತು, ಹೊಸದು ಹಾಕಿದೆ. ಸುಧಾ ಚಹಾ ತಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಕಾಲು ಗಂಟೆ ಮಾತಾಡಿದೆವು. ಅವಳಿಗೆ ಅವ್ವನ ಮಂಡಿ ನೋವಿನಿಂದ ಹಿಡಿದು ಓಣಿಯ ಬಾವಿಕಟ್ಟೆಯ ಜಗಳದವರೆಗೆ ಎಲ್ಲವೂ ಬೇಕಿತ್ತು. ರಿಪೇರಿಗೆ ಬಂದವನ ಹತ್ತಿರ ಮಾತಾಡಬೇಡ ಅಂತ ಯಾರೂ ಅನ್ನಲಿಲ್ಲ.

ಇಪ್ಪತ್ತು ದಿನಕ್ಕೆ ಮತ್ತೆ ಸೋರಿತು. ಹೋದೆ, ಸೀಲು ಬದಲಿಸಿದೆ. ತಿಂಗಳು ಬಿಟ್ಟು ಮತ್ತೆ. ಆಗ ಶಾಫ್ಟನ್ನು ನುಣ್ಣನೆಯ ಎಮರಿ ಕಾಗದದಿಂದ ತಿಕ್ಕಿ, ಬೇರೆ ಕಂಪನಿಯ ಸೀಲು ಹುಡುಕಿ ತಂದು, ಅದರ ತುಟಿಗೆ, ಅಂದರೆ ಶಾಫ್ಟಿಗೆ ತಾಗುವ ಒಳ ಅಂಚಿಗೆ, ಎಣ್ಣೆ ಸವರಿ, ಮಗುವನ್ನು ತೊಟ್ಟಿಲಿಗೆ ಹಾಕುವ ಹಾಗೆ ಕೂರಿಸಿದೆ. ಮೂರನೆಯ ಸಲ ಕೂರಿಸಿದ್ದೂ ಸೋರಿತು. ರಾತ್ರಿಯೆಲ್ಲ ನನ್ನ ಕೈಗಳನ್ನೇ ನೋಡಿಕೊಂಡು ಕೂತೆ ಎಂದರೆ ನಂಬಿ. ಅಲ್ಲಿ ಬಸವಣ್ಣೆಮ್ಮ ಪ್ರತಿ ದಿನ ಬೆಳಿಗ್ಗೆ ಸುಧಾಳ ಕೈಗೆ ಬ್ರಷ್ಷು ಕೊಟ್ಟು, ನಿಮ್ಮಪ್ಪನ ಎಣ್ಣಿ ನೀನೇ ತೊಳಿ ಅನ್ನುತ್ತಿದ್ದರಂತೆ. ಸೋಪಿನ ಪುಡಿಗೆ ಅವಳ ಬೆರಳಿನ ಗೆಣ್ಣುಗಳ ಚರ್ಮ ಸುಲಿದಿತ್ತು. ನೋಡಿ ಹೊಟ್ಟೆ ಉರಿಯಿತು. ಆದರೆ ಅದಕ್ಕಿಂತ ಹೆಚ್ಚು ಉರಿದದ್ದು ನನ್ನ ಸೀಲು ಸೋರಿತಲ್ಲ ಎಂದು. ಸುಳ್ಳು ಯಾಕೆ ಹೇಳಲಿ.

ನಾಲ್ಕನೆಯ ಸಲ ಮುರುಗೇಶಪ್ಪನವರು ಮನೆಯಲ್ಲಿ ಯಾರಿಗೂ ಹೇಳದೆ ಭಾನುವಾರ ಬೆಳಿಗ್ಗೆ ಫೋನ್ ಮಾಡಿ ಕರೆಸಿದರು. ಹೋಗಿ ನೋಡಿದರೆ ಮಾಲತೇಶ ಕುರ್ಚಿಯಲ್ಲಿ ಕೂತಿದ್ದ. ನನ್ನ ಗ್ಯಾರೇಜಿನಲ್ಲೇ ಆರು ವರ್ಷ ಕೆಲಸ ಮಾಡಿ, ಈಗ ವಿದ್ಯಾನಗರದಲ್ಲಿ ಸ್ವಂತದ್ದು ಇಟ್ಟಿರುವವನು. ಇವತ್ತು ಇವರ ಮುಂದೆಯೇ ಬಿಚ್ಚಿ, ತಪ್ಪು ಯಾರದೆಂದು ಗೊತ್ತಾಗಲಿ, ನಿಮ್ಮದಾದರೆ ಇನ್ನು ಮೇಲೆ ಗಾಡಿ ಇವರ ಹತ್ತಿರ ಹೋಗುತ್ತದೆ ಎಂದು ಮುರುಗೇಶಪ್ಪನವರು ಹೇಳಿದರು. ಮಾಲತೇಶ ಪಾಪದವನ ಹಾಗೆ ಮುಖ ಮಾಡಿಕೊಂಡ. ಅವನ ಬಾಯಿಗೆ ಒಂದು ಮಾತು ಸಿಕ್ಕರೆ ಸಂಜೆಯೊಳಗೆ ಎರಡೂ ಊರಿನ ಗ್ಯಾರೇಜುಗಳಿಗೆ ಮುಟ್ಟುತ್ತದೆ. ನನ್ನ ಮೂವತ್ತೊಂದು ವರ್ಷದ ಹೆಸರು ಆ ಸ್ಕೂಟರಿನ ಕೆಳಗಿತ್ತು.

ಬಿಚ್ಚಿದೆ. ಸೀಲು ನೆಟ್ಟಗಿತ್ತು, ತುಟಿ ಹರಿದಿರಲಿಲ್ಲ, ಅದರೊಳಗಿನ ಸ್ಪ್ರಿಂಗು ಜಾಗದಲ್ಲೇ ಇತ್ತು. ಮಾಲತೇಶನೂ ಬಗ್ಗಿ ನೋಡಿ, ಸೀಲಿನಲ್ಲಿ ತಪ್ಪಿಲ್ಲ ಎಂದು ಒಪ್ಪಿದ. ಸುಧಾ ನೀರು ತಂದಳು. ಮತ್ತೆ ಒಳಗೆ ಹೋಗಿ ಚಹಾ ತಂದಳು. ಅವಳ ಮುಖ ಬೆಳ್ಳಗಾಗಿತ್ತು, ಆಗ ನಾನು ಅದಕ್ಕೆ ಗಮನ ಕೊಡಲಿಲ್ಲ. ಸೀಲು ಸರಿಯಿದ್ದೂ ಎಣ್ಣೆ ಹೊರಗೆ ನುಗ್ಗಿದೆ ಅಂದರೆ ಒಳಗೆ ಗಾಳಿ ಕಟ್ಟಿಕೊಂಡಿದೆ ಎಂದೇ ಅರ್ಥ. ಎಂಜಿನ್ನಿಗೂ ಉಸಿರಾಡಲು ಒಂದು ಸಣ್ಣ ಪೈಪು ಇರುತ್ತದೆ. ಅದು ಕಟ್ಟಿದರೆ ಒಳಗಿನ ಗಾಳಿ ಎಣ್ಣೆಯನ್ನು ಸೀಲಿನ ಸಂದಿಯಿಂದ ಹೊರಗೆ ದಬ್ಬುತ್ತದೆ. ನಾನು ಆ ಪೈಪಿಗೆ ಕೈ ಹಾಕಿದೆ.

"ಅಪ್ಪಾ, ಚಾ ಆರ್ತೈತೆ. ಮೊದ್ಲು ಕುಡಿ" ಎಂದಳು ಸುಧಾ.

ಕೆಲಸದ ನಡುವೆ ಬಾಯಿ ಹಾಕಬೇಡ ಎಂದು ಗದರಿದೆ. ಅವಳು ಲೋಟ ಹಿಡಿದುಕೊಂಡೇ ನಿಂತಳು.

ಪೈಪಿನ ಬಾಯಿಯಲ್ಲಿ ನನ್ನ ಬೆರಳಿಗೆ ಒಂದು ದಾರದ ತುದಿ ಸಿಕ್ಕಿತು. ಎಳೆಯುವ ಮೊದಲೇ ನನಗೆ ಗೊತ್ತಾಗಿಹೋಯಿತು. ಎಂಜಿನ್ ಬಿಚ್ಚಿದಾಗ ಒಳಗೆ ಧೂಳು ಬೀಳಬಾರದೆಂದು ತೂತುಗಳಿಗೆ ಬಟ್ಟೆ ತುರುಕುತ್ತೇವೆ. ಬಟ್ಟೆ ಒಳಗೇ ಮರೆತುಹೋಗಬಾರದೆಂದು ಅದಕ್ಕೆ ಕೆಂಪು ದಾರ ಕಟ್ಟಿ ತುದಿಯನ್ನು ಹೊರಗೆ ಬಿಡುವುದು ನನ್ನ ಗ್ಯಾರೇಜಿನ ಪದ್ಧತಿ, ಬೇರೆ ಎಲ್ಲೂ ಇಲ್ಲ. ಹತ್ತು ವರ್ಷದವಳಿದ್ದಾಗ ಸುಧಾ ನನ್ನ ಪಕ್ಕ ಕೂತು ಆ ಗಂಟು ಕಲಿತಿದ್ದಳು. ಸಣ್ಣ ಕೈ, ನನಗಿಂತ ಬಿಗಿಯಾಗಿ ಕಟ್ಟುತ್ತಿದ್ದಳು. ಹಿಂದಿನ ಎರಡು ಸಲವೂ ಹೀಗೆಯೇ ಬಟ್ಟೆ ತುರುಕಿ ಎಣ್ಣೆ ಸೋರಿಸಿ, ನಾನು ಬರುವ ಸುದ್ದಿ ತಿಳಿದ ಕೂಡಲೇ ದಾರ ಎಳೆದು ಬಟ್ಟೆ ತೆಗೆದಿಟ್ಟಿದ್ದಾಳೆ. ಈ ಸಲ ಮಾವ ಹೇಳದೇ ಕರೆಸಿದ್ದರಿಂದ ಅವಳಿಗೆ ವೇಳೆಯೇ ಸಿಗಲಿಲ್ಲ. ನನ್ನ ಜೊತೆ ಕಾಲು ಗಂಟೆ ಕೂರಲು ನನ್ನ ಮಗಳು ತಿಂಗಳುಗಟ್ಟಲೆ ಆ ಕಲ್ಲು ತಿಕ್ಕಿದ್ದಳು. ಇಷ್ಟೂ ನನಗೆ ಆ ಕ್ಷಣದಲ್ಲೇ ಹೊಳೆಯಿತು. ಹೊಳೆಯಲಿಲ್ಲ ಎಂದು ಹೇಳಿ ಪಾರಾಗುವ ಹಾಗಿಲ್ಲ.

ಮುಷ್ಟಿ ಮುಚ್ಚಿದ್ದರೆ ಮುಗಿಯುತ್ತಿತ್ತು. ಅಷ್ಟರಲ್ಲಿ ಮಾಲತೇಶ ದಾರವನ್ನು ನೋಡಿಬಿಟ್ಟ.

"ದಾರ ನಿಂದೇ ಉಚ್ಚಂಗಣ್ಣ. ಬಟ್ಟಿ ಒಳಗೇ ಮರ್ತಿದ್ದೀ. ಕಣ್ಣು ಮಂಜಾದ್ವು, ಇನ್ನು ಅಂಗಡಿ ಮುಚ್ಚಿಬಿಡು" ಎಂದ.

ಮುರುಗೇಶಪ್ಪನವರು ಕಿಸಕ್ಕನೆ ನಕ್ಕರು. ಆಗಲಾದರೂ ಹೂಂ, ಮರೆತೆ ಅಂದಿದ್ದರೆ ಆಗುತ್ತಿತ್ತು. ಒಂದು ಮಾತು. ಜನ ಹದಿನೈದು ದಿನ ಆಡಿಕೊಂಡು ಬಿಡುತ್ತಿದ್ದರು. ನನ್ನ ಮಗಳು ನನ್ನನ್ನೇ ನೋಡುತ್ತಿದ್ದಳು, ಅವಳಿಗೆ ಬೇಕಿದ್ದದ್ದೂ ಅದೊಂದೇ ಮಾತು. ಆದರೆ ಮಾಲತೇಶನ ಆ ಹಲ್ಲು ಕಂಡಿತಲ್ಲ, ನನ್ನ ತಲೆಗೆ ರಕ್ತ ಏರಿತು.

ದಾರ ಎಳೆದು, ಬಟ್ಟೆಯನ್ನು ಬಿಡಿಸಿ ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದೆ. "ನನ್ನ ಗ್ಯಾರೇಜಿನ ಬಟ್ಟೆ ಅಲ್ಲ ಇದು, ನೋಡ್ರಿ. ಇದು ಸುಧಾನ ಹಳೇ ಚೂಡಿದಾರದ್ದು. ಗಂಟು ಅವಳ್ದೇ. ನನ್ನ ಸೀಲು ಸೋರಿಲ್ಲ, ಇವಳು ಸೋರಿಸ್ಯಾಳೆ."

ಬಸವಣ್ಣೆಮ್ಮ ಒಳಗಿಂದ ಬಂದು ಬಟ್ಟೆ ಇಸಿದುಕೊಂಡು ತಿರುಗಿಸಿ ನೋಡಿ, ಹೌದು, ಇವಳದೇ ಎಂದರು. ಮುರುಗೇಶಪ್ಪನವರು ಯಾಕೆ ಮಾಡಿದೆ ಎಂದು ಸುಧಾಳನ್ನು ಕೇಳಿದರು. ಅಪ್ಪನನ್ನು ನೋಡಬೇಕು ಅನ್ನಿಸಿದಾಗ ಮಾಡುತ್ತಿದ್ದೆ ಎಂದಳು. ಅಳಲಿಲ್ಲ. ಬಾಗಿಲಲ್ಲಿ ನಿಂತಿದ್ದ ಪ್ರಶಾಂತ ಒಳಗೆ ಹೋಗಿಬಿಟ್ಟ. ಆಮೇಲೆ ಅವಳು ನನ್ನ ಕಡೆ ತಿರುಗಿದಳು.

"ಮರ್ತೆ ಅಂದಿದ್ರೆ ಏನಾಗ್ತಿತ್ತಪ್ಪಾ?"

"ನನ್ನ ಹೆಸರು ಹೋಗ್ತಿತ್ತು" ಎಂದೆ. ಅಷ್ಟಕ್ಕೆ ನಿಲ್ಲಿಸಲಿಲ್ಲ. ಹೆತ್ತವನ ಮುಖಕ್ಕೆ ಮಸಿ ಬಳಿಯಲು ನಿನಗೆ ವಿದ್ಯೆ ಕಲಿಸಿದೆನಾ ಎಂದು ಅವರೆಲ್ಲರ ಎದುರಿಗೇ ಬೈದೆ. ಅವಳು ಚಹಾ ಲೋಟವನ್ನು ಕಟ್ಟೆಯ ಮೇಲಿಟ್ಟು ಒಳಗೆ ನಡೆದಳು.

ಮುರುಗೇಶಪ್ಪನವರು ಆ ಮನೆಯಲ್ಲಿ ಮೊದಲ ಸಲ ನನಗೆ ಕುರ್ಚಿ ಹಾಕಿಸಿದರು. ಮೇಸ್ತ್ರಿ, ನಿಮ್ಮ ಕೈ ಅಂದರೆ ಕೈ ಎಂದರು. ಮಾಲತೇಶನೂ ತಪ್ಪಾಯಿತು ಅಣ್ಣ ಎಂದ. ನಾನು ಕೂತೆ. ಆರಿದ ಚಹಾ ಕುಡಿದೆ. ರುಚಿಯಾಗಿತ್ತು ಎಂದರೆ ನನಗೆ ಉಗಿಯಿರಿ, ಆದರೆ ಆ ಹೊತ್ತಿಗೆ ರುಚಿಯಾಗಿಯೇ ಇತ್ತು. ಕುಡಿದು ಮುಗಿಸಿದ ಮೇಲೆ ಅವರು ಸ್ಕೂಟರಿನ ಕೀಲಿ ತಂದು ನನ್ನ ಕೈಗಿಟ್ಟು, ಗಾಡಿ ನೀವೇ ತಗೊಂಡು ಹೋಗಿ, ನಮ್ಮ ಸೊಸೆ ಇನ್ನು ಗಾಡಿ ಓಡಿಸುವುದಿಲ್ಲ ಎಂದರು.

ಬಿಚ್ಚಿದ್ದನ್ನೆಲ್ಲ ಜೋಡಿಸಿ, ಹರಿಹರದವರೆಗೂ ಅದನ್ನೇ ಓಡಿಸಿಕೊಂಡು ಬಂದೆ. ಆ ಗಾಡಿಯ ಸದ್ದು ಭೀಮವ್ವನಿಗೆ ಗೊತ್ತು. ಮಗಳೇ ಬಂದಳು ಎಂದು ಹಸಿ ಕೈಯಲ್ಲೇ ಓಡಿ ಬಂದು ನನ್ನ ಬೆನ್ನ ಹಿಂದೆ ಇಣುಕಿದಳು. ನಡೆದದ್ದನ್ನು ನಾನು ಒಂದೂ ಬಿಡದೆ ಹೇಳಿದೆ. ಮಾಲತೇಶ ತಪ್ಪಾಯಿತು ಅಂದದ್ದನ್ನು ಎರಡು ಸಲ ಹೇಳಿದೆ.

"ಹೆಸರು ಉಳೀತಲ್ಲ. ಬಾ, ಉಣ್ಣು" ಎಂದಳು. ಬಡಿಸಿದಳು. ತಾನು ಉಣ್ಣಲಿಲ್ಲ.

ನಾಲ್ಕು ದಿನ ಸುಧಾಳ ಫೋನು ಸ್ವಿಚ್ ಆಫ್ ಎಂದೇ ಬಂತು. ಐದನೆಯ ದಿನ ಧೈರ್ಯ ಮಾಡಿ ಮುರುಗೇಶಪ್ಪನವರಿಗೇ ಮಾಡಿದೆ. ಮಗಳನ್ನು ಒಂದು ಸಲ ನೋಡಿಕೊಂಡು ಹೋಗುತ್ತೇನೆ, ಬಾಗಿಲಲ್ಲೇ ನಿಂತು ಬರುತ್ತೇನೆ ಎಂದೆ. ಅವರು ಸಿಟ್ಟಾಗಲಿಲ್ಲ. ಅಂಗಡಿಯಲ್ಲಿ ಗಿರಾಕಿಯ ಜೊತೆ ಮಾತಾಡುವ ಹಾಗೆ ಮೆತ್ತಗೆ ಮಾತಾಡಿದರು.

"ಗಾಡಿ ನಿಮ್ಮ ಹತ್ರಾನೇ ಐತಲ್ರಿ ಮೇಸ್ತ್ರಿ. ಇನ್ನ ಇಲ್ಲೇನು ಕೆಲ್ಸ ನಿಮ್ಗೆ?"

ಭೀಮವ್ವ ಎದುರಿಗೇ ನಿಂತಿದ್ದಳು. ಏನಂತೆ ಎಂದು ಕೇಳಿದಳು. ನಾನು ಸರಿ ಯಜಮಾನ್ರೇ ಎಂದು ಫೋನಿಟ್ಟೆ.