ಬೀಗ ಹಾಕಿಕೊಂಡ ಕನ್ನೋನ್

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಗುಡಿಯ ಮೌನದಿಂದ ಎಂದರೆ ನನಗೆ ಮೈ ಉರಿಯುತ್ತದೆ. ಪಾಚಿ, ಗಂಟೆ, ಮಂಜು ಎಂದೆಲ್ಲ ಒಂದು ಪುಟ ಬರೆದೆ. ಹರಿದೆ. ಆ ಮೌನವೆಲ್ಲ ಬಸ್ಸಿನಲ್ಲಿ ಬಂದು ಫೋಟೋ ತೆಗೆದು ಹೋಗುವವರಿಗೆ. ನಮ್ಮಜ್ಜಿಯ ಪಾಲಿಗೆ ಅದು ಮರ್ಯಾದೆಯಾಗಿ ಹೇಳಿದ 'ಆಗೋದಿಲ್ಲ', ಅಷ್ಟೆ.

೨

ಸರಿ, ಅಜ್ಜಿಯಿಂದಲೇ ಶುರು. ಹೆಸರು ಮಾತ್ಸುಯೊ. ಬೆಟ್ಟದ ಬುಡದಲ್ಲಿ, ಸೋಯಾ ಹಾಲು ಒಡೆಸಿ ಗಟ್ಟಿ ಮಾಡುವ ತೋಫುವಿನ ಅಂಗಡಿ. ನಾನು ಮೊಮ್ಮಗ ತೆಪ್ಪೇ, ಶಾಲೆ ಬಿಟ್ಟು ಅದೇ ಅಂಗಡಿಯಲ್ಲಿ ಸೋಯಾ ಅರೆಯುವವನು. (ವ್ಯಾಕರಣ ತಪ್ಪಿದ್ದರೆ ಮೇಷ್ಟ್ರನ್ನು ಕೇಳಿ, ನನ್ನನ್ನಲ್ಲ.)

ಬೆಟ್ಟದ ಮೇಲೆ ಕೊಗೆನ್‌ಜಿ ಗುಡಿ. ಅಲ್ಲಿ ಕರುಣೆಯ ದೇವಿ ಕನ್ನೋನ್ ಬಾಗಿಲಿರುವ ಕರಿ ಪೆಟ್ಟಿಗೆಯೊಳಗೆ ಬೀಗ ಹಾಕಿಸಿಕೊಂಡು ಕೂತಿದ್ದಾಳೆ. ಮೂವತ್ತಮೂರು ವರ್ಷಕ್ಕೊಮ್ಮೆ ದರ್ಶನ. ಲೋಕದ ಅಳುವನ್ನೆಲ್ಲ ಕೇಳಿಸಿಕೊಳ್ಳುತ್ತಾಳಂತೆ, ಬಾಗಿಲು ಬಡಿದದ್ದು ಮಾತ್ರ ಕೇಳಿಸುವುದಿಲ್ಲ.

ಹಿಂದಿನ ಸಲ ಊರಿಗೆ ಊರೇ ಬೆಟ್ಟ ಹತ್ತಿತು. 'ವ್ಯಾಪಾರ ಆಗೋದೇ ಇಂಥ ದಿನ' ಎಂದು ಅಜ್ಜಿಯ ಅತ್ತೆ ಸೊಸೆಯನ್ನು ಅಂಗಡಿಯಲ್ಲಿ ಕೂರಿಸಿ ತಾನು ಹೋದಳು. ಮುಂದಿನ ದರ್ಶನಕ್ಕೆ ಇನ್ನೂ ಕೆಲವು ವರ್ಷ ಇದೆ. ಡಾಕ್ಟರು ಅಜ್ಜಿಗೆ ಕೊಟ್ಟಿರುವುದು ಈ ಚಳಿಗಾಲದವರೆಗೆ.

೩

ಮೊದಲ ಕರಡು: ನಾನು ಸಲಾಕೆಯಿಂದ ಬೀಗ ಒಡೆಯುತ್ತೇನೆ. ಬರೆಯುವಾಗ ಎಂಥ ಖುಷಿ! ಅಜ್ಜಿಗೆ ಓದಿ ಹೇಳಿದೆ.

"ನಿನ್ನ ತಲೆ! ಕಳ್ಳನ ಕೈ ಹಿಡ್ಕೊಂಡು ದೇವಿ ಮುಂದೆ ನಿಲ್ಲಲಾ? ಹರಿದು ಹಾಕು."

"ಕಥೆ ನಂದು ಅಜ್ಜಿ."

"ಸಾಯೋಳು ನಾನು ಕಣೋ. ಹರಿ."

ಹರಿದೆ.

೪

ಎರಡನೆಯ ಕರಡು: ಬಾಗಿಲು ತೆಗೆದರೆ ಒಳಗೆ ಏನೂ ಇಲ್ಲ. ಶೂನ್ಯ! (ಓದಿಕೊಂಡವರು ತಲೆದೂಗುವ ಅಂತ್ಯ.)

"ಗೆದ್ದಲು ತಿಂದಿರ್ಬೇಕು," ಎಂದಳು ಅಜ್ಜಿ.

ಅದನ್ನೂ ಬಿಟ್ಟೆ.

೫

ಬೇರೆ ದಾರಿಯಿಲ್ಲ, ನಡೆದದ್ದನ್ನೇ ಬರೆಯುತ್ತೇನೆ. ನಿನ್ನೆ ಅವಳನ್ನು ಬೆನ್ನ ಮೇಲೆ ಹೊತ್ತು ಬೆಟ್ಟ ಹತ್ತಿ, ಪೆಟ್ಟಿಗೆಯ ಮುಂದೆ ಇಳಿಸಿ ಪಕ್ಕದಲ್ಲಿ ಕೂತೆ. ಗುರು ಜೋಶುನ್ ಗುಡಿಯೊಳಗೆ ಧೂಪದ ಬೂದಿ ಜರಡಿ ಹಿಡಿಯುತ್ತಿದ್ದರು.

"ಗುರುಗಳೇ, ಒಂದೇ ಒಂದ್ಸಲ ತೆಗೀರಿ."

"ನಿಯಮ ಇದೆ ಮಾತ್ಸುಯೊ-ಸಾನ್. ನಾನೇ ನೋಡಿಲ್ಲ. ಈ ಗುಡಿಗೆ ನಾನು ಬಂದದ್ದೇ ಹಿಂದಿನ ದರ್ಶನ ಆದ ಮೇಲೆ. ಪೆಟ್ಟಿಗೆ ಮುಂದೆ ಬದಲಿ ಮೂರ್ತಿ ಇದೆಯಲ್ಲ? ಅದಕ್ಕೆ ಕೈ ಮುಗಿದ್ರೆ ಒಳಗಿನವಳಿಗೇ ಮುಗಿದ ಹಾಗೆ."

"ಬದಲೀನಾ! ಬದುಕಿಡೀ ತೋಫು ಗಿರಾಕಿಗೆ, ಹಿಂಡಿದ ಚರಟ ಸೊಸೆಗೆ. 'ಅದೂ ತೋಫೂನೇ' ಅಂತಿದ್ಳು ನಮ್ಮತ್ತೆ. ಈಗ ದೇವರಲ್ಲೂ ಚರಟಾನೇ ಬಡಿಸ್ತೀರಾ?"

"ತೀರಿಕೊಂಡವರ ಬಗ್ಗೆ ಹಾಗನ್ನಬಾರದು."

"ಅವಳಿಗೇನ್ರಿ, ನೋಡ್ಕೊಂಡು ತೀರಿಕೊಂಡ್ಳು!"

ನಾನು ತಡೆಯಲಾರದೆ ಕಿರುಚಿದೆ: "ಕರುಣೆಗೂ ಟೈಮ್‌ಟೇಬಲ್ಲಾ ಗುರುಗಳೇ?" ಅಜ್ಜಿ ನನ್ನ ತೊಡೆ ಚಿವುಟಿದಳು.

ಗುರುಗಳು ಜರಡಿ ಕೆಳಗಿಟ್ಟರು. ನಿಲುವಂಗಿಯ ತೋಳಿನೊಳಗಿಂದ ಕೀಲಿಕೈ ತೆಗೆದು ಧೂಪದ ಬಟ್ಟಲ ಪಕ್ಕ ಇಟ್ಟರು.

"ಯಾಕೋ ಹೊಟ್ಟೆ ಸರಿ ಇಲ್ಲ. ಹೊರಗೆ ಹೋಗಿ ಬರ್ತೀನಿ. ತಡ ಆಗ್ಬಹುದು."

(ನಮ್ಮೂರಲ್ಲಿ 'ಹೂಂ' ಎನ್ನುವುದು ಹೀಗೆ.)

೬

ಕೀಲಿಕೈಗೆ ಕೈ ಹಾಕಿದೆ. ಅಜ್ಜಿ ಕಿತ್ತುಕೊಂಡಳು.

"ನೀನು ಹೊರಗೆ."

"ನಾನಾ? ಕಥೆ ಬರೆಯೋನು ನಾನು!"

"ಅದಕ್ಕೇ. ನೀನು ನೋಡಿದ್ರೆ ಬರೀತೀಯ. ಬರೆದ್ರೆ ಕಂಡೋರೆಲ್ಲ ನೋಡ್ತಾರೆ. ನಡಿ."

ನನ್ನದೇ ಕಥೆಯಿಂದ ನನ್ನನ್ನೇ ಹೊರದಬ್ಬಿದಳು! ಜಗಲಿಯಲ್ಲಿ ಗುರುಗಳೂ ನಾನೂ ತರಗತಿಯಿಂದ ಹೊರಹಾಕಿಸಿಕೊಂಡವರಂತೆ ಕೂತೆವು. ಬೀಗದ ಸದ್ದು ಬಂತು. ತಿರುಗಣೆ ನರಳಿತು. ಆಮೇಲೆ ಬಹಳ ಹೊತ್ತು ಏನಿಲ್ಲ. (ಇಲ್ಲೊಂದು ಹಕ್ಕಿ ಕೂಗಬೇಕು ಎನ್ನುತ್ತೀರಿ. ಕೂಗಲಿಲ್ಲ.)

ಅಜ್ಜಿ ಗೋಡೆ ಹಿಡಿದುಕೊಂಡು ಹೊರಬಂದಳು. ತೋಳಿನಿಂದ ಮುಖ ಒರೆಸಿಕೊಂಡಳು. ಕಣ್ಣೀರೋ ಧೂಳೋ ಗೊತ್ತಾಗಲಿಲ್ಲ. ಗುರುಗಳ ಅಂಗೈಗೆ ಕೀಲಿಕೈ ಹಾಕಿದಳು. ಅವರು ಆಚೀಚೆ ನೋಡಿ, ಬಾಗಿ, ಪಿಸುಗುಟ್ಟಿದರು:

"ಹೇಗಿದ್ದಾಳೆ?"

"ಹೊಟ್ಟೆ ನೋವು ಹೋಯ್ತಾ ಗುರುಗಳೇ?" ಎಂದಳು ಅಜ್ಜಿ.

೭

ಅಂತ್ಯ ಬೇಕೇ? ಮೂರಿವೆ: ನೋಡಿದಳು. ಬೀಗ ತೆಗೆದೂ ಕಣ್ಣು ಮುಚ್ಚಿಕೊಂಡಳು. ನೋಡಿದರೆ ಒಳಗೆ ಅತ್ತೆಯ ಮುಖವೇ ಇತ್ತು. ಮೂರನ್ನೂ ಬರೆದು ಓದಿದೆ. ಮೂರಕ್ಕೂ ಒಂದೇ ಥರ ನಕ್ಕು, ಕೆಮ್ಮಿ, ಮಗ್ಗುಲಾದಳು.

ಓದುಗರೇ, ನನ್ನ ಕೊರಳಪಟ್ಟಿ ಹಿಡಿಯಬೇಡಿ. ನಾನೂ ನಿಮ್ಮ ಹಾಗೆ ಬಾಗಿಲಾಚೆ ಕೂತವನೇ. ಅವಳನ್ನೇ ಕೇಳಿ. ಬೆಳಗ್ಗೆ ಅಂಗಡಿಯಲ್ಲಿರುತ್ತಾಳೆ. ಹೇಳುವುದಿಲ್ಲ, ಆದರೂ ಕೇಳಿ.

ಬೇಗ ಹೋಗಿ.