ಕೇಳದೆ ಬರೆದ ಸೊನ್ನೆ

ಆ ದಿನ ಬೆಳಿಗ್ಗೆ ಮಳೆ ನಿಂತು ಎಳೆಬಿಸಿಲು ಬಿದ್ದಿತ್ತು. ಚರಂಡಿಯಲ್ಲಿ ನಿಂತ ನೀರು ಕೂಡ ಫಳಫಳ ಹೊಳೆಯುತ್ತಿತ್ತು. ಸೊಳ್ಳೆಗಳಿಗೆ ಅಷ್ಟೇ ಸಾಕಿತ್ತು.

ಹೊಲಿಗೆ ಮಾಡುವ ಹೆಂಗಸಿನ ಮಗಳಿಗೆ ಎರಡು ದಿನದಿಂದ ಜ್ವರ. ಎದುರು ಮನೆಯಲ್ಲೂ ಅದೇ ಕಥೆ. ಅಂಗಡಿಯಿಂದ ಮಾತ್ರೆ ತರಲು ಹೊರಟ ತಾಯಿ ಆರೋಗ್ಯ ಕೇಂದ್ರದ ಗೋಡೆಯ ಹಲಗೆ ನೋಡಿ ನಿಂತುಬಿಟ್ಟಳು. ಯಾವ ಬೀದಿಯಲ್ಲಿ ಎಷ್ಟು ಜನಕ್ಕೆ ಜ್ವರ ಎಂದು ಪ್ರತಿ ವಾರ ಅಲ್ಲಿ ಬರೆಯುತ್ತಾರೆ. ಅವಳ ಬೀದಿಯ ಮುಂದೆ ಸೊನ್ನೆ ಇತ್ತು.

ಮನೆಗೆ ಬಂದು ಹೇಳಿದರೆ ಅತ್ತೆ ಹಿಗ್ಗಿದರು.

"ಒಳ್ಳೇದೇ ಆಯ್ತಲ್ಲೇ! ಬೀದಿ ಮರ್ಯಾದೆ ಉಳೀತು. ಪಕ್ಕದ ಬೀದಿಗೆ ಹನ್ನೊಂದಂತೆ. ಇನ್ನು ಅವರ ಮನೆಗೆ ನೆಂಟರು ಬಂದ ಹಾಗೇ!"

"ಅತ್ತೆ, ಆ ಹನ್ನೊಂದು ನೋಡಿ ಅಲ್ಲಿಗೆ ಔಷಧಿ ಹೊಡೆಯೋರು ಬರ್ತಾರೆ. ನಮ್ಮ ಸೊನ್ನೆ ನೋಡಿ ಯಾರು ಬರ್ತಾರೆ?"

"ಓದಿದೋರು ಬರೆದಿದ್ದು ಕಣೇ. ನೀನು ಬಟ್ಟೆ ಅಳೆ, ಊರು ಅಳೆಯಬೇಡ."

ಪಕ್ಕದ ಮನೆಯ ಬಾಣಂತಿಯನ್ನು ನೋಡಲು ಬಂದಿದ್ದ ನರ್ಸಮ್ಮನ ಕಿವಿಗೆ ಈ ಮಾತು ಬಿತ್ತು.

"ಅಜ್ಜಿ, ಎಲ್ಲರಿಗೂ ಕಾಣೋ ಹಾಗೆ ನಾವು ಯಾಕೆ ಬರೀತೀವಿ ಹೇಳಿ? ತಪ್ಪಿದ್ರೆ ನೀವು ತೋರಿಸಲಿ ಅಂತ. ಈ ವಾರ ಜ್ವರ ಇದೆಯಾ ಅಂತ ಕೇಳೋಕೆ ಯಾರಾದ್ರೂ ಬಂದಿದ್ರಾ?"

"ದಿನಾ ಬಾಗಿಲಲ್ಲೇ ಕೂತಿರ್ತೀನಲ್ಲ. ಒಂದು ಬೆಕ್ಕು ಬಂದಿತ್ತು, ಅಷ್ಟೇ."

ನರ್ಸಮ್ಮನ ಮುಖದ ನಗು ಮಾಯವಾಯಿತು. "ಹಾಗಾದ್ರೆ ಆ ಸೊನ್ನೆ ಕೇಳದೇ ಬರೆದದ್ದು. ನಡೀರಿ. ಮೊದಲು ಮಗೂಗೆ ರಕ್ತ ಪರೀಕ್ಷೆ ಆಗಲಿ, ಆಮೇಲೆ ಡಾಕ್ಟರಮ್ಮನ್ನ ಕೇಳೋಣ."

ಅಜ್ಜಿ ಮೊಮ್ಮಗಳ ಹಣೆ ಮುಟ್ಟಿದರು. ಕೆಂಡದ ಹಾಗೆ ಸುಡುತ್ತಿತ್ತು. ತಕ್ಷಣ ಚಪ್ಪಲಿ ಮೆಟ್ಟಿದರು.

ಕೇಂದ್ರದಲ್ಲಿ, ಮನೆಮನೆಗೆ ಹೋಗಬೇಕಿದ್ದ ಕಾರ್ಯಕರ್ತ ತಲೆ ತಗ್ಗಿಸಿದ. "ಮಳೆ ಇತ್ತು ಮೇಡಂ... ಆ ಬೀದಿಗೆ ಹೋಗಲಿಲ್ಲ."

ಡಾಕ್ಟರಮ್ಮ ಮುಚ್ಚಿಡಲಿಲ್ಲ. ಹೊರಗೆ ಬಂದು, ಸರತಿಯಲ್ಲಿದ್ದವರೆಲ್ಲರ ಎದುರು ಸೊನ್ನೆ ಒರೆಸಿದರು. 'ಈ ಬೀದಿಯಲ್ಲಿ ವಿಚಾರಿಸಿಲ್ಲ. ತಪ್ಪು ನಮ್ಮದು. ನಾಳೆ ಸರಿಯಾದ ಲೆಕ್ಕ ಬರೆಯುತ್ತೇವೆ' ಎಂದು ಬರೆದು ಸಹಿ ಹಾಕಿದರು.

"ತಪ್ಪು ಒಪ್ಪಿಕೊಂಡ ಕೈ ದೇವರಿಗೆ ಮುಗಿದ ಕೈಗೆ ಸಮ ಕಣಮ್ಮ" ಎಂದರು ಅಜ್ಜಿ. ಆಮೇಲೆ ಸೊಸೆಯ ಕಡೆ ತಿರುಗಿ, "ಅಳೆಯಬಹುದು, ಊರನ್ನೂ ಅಳೆಯಬಹುದು" ಎಂದು ಗೊಣಗಿದರು.

ಮಗುವಿಗೆ ಹೊತ್ತಿಗೆ ಸರಿಯಾಗಿ ಚಿಕಿತ್ಸೆ ಸಿಕ್ಕಿತು. ಸಂಜೆಯೊಳಗೆ ಡಾಕ್ಟರಮ್ಮ ಕಳಿಸಿದ ಆಳುಗಳು ಚರಂಡಿಯಲ್ಲಿ ನಿಂತ ನೀರನ್ನು ಹರಿಯಬಿಟ್ಟರು.

ತಾಯಂದಿರೇ, ಅಣ್ಣತಮ್ಮಂದಿರೇ, ನಿಮ್ಮ ಆರೋಗ್ಯ ಕೇಂದ್ರದ ಲೆಕ್ಕ ನಿಮ್ಮ ಕಣ್ಣಿಗೆ ಬೀಳುತ್ತಿದೆಯೇ? ಇಲ್ಲವಾದರೆ ಹಾಕಿ ಎಂದು ಕೇಳಿ. ಹಾಕಿದ್ದರೆ ನಿಂತು ಓದಿ. ತಪ್ಪು ಕಂಡರೆ ಹೇಳಿ. ನಿಮ್ಮ ಮನೆಯ ಜ್ವರವನ್ನೂ ಮುಚ್ಚಿಡಬೇಡಿ. ಸರಿಯಾದ ಲೆಕ್ಕ ಇದ್ದ ಕಡೆಗೇ ಸಹಾಯ ದಾರಿ ಕಂಡುಕೊಂಡು ಬರುತ್ತದೆ.

ಮರುದಿನ ಆ ಕಾರ್ಯಕರ್ತ ಬೀದಿಯ ಮೊದಲ ಮನೆಯಿಂದ ಶುರುಮಾಡಿದ. ಅಜ್ಜಿಯ ಬಾಗಿಲಿಗೆ ಬಂದಾಗ ದನಿ ತಗ್ಗಿಸಿ, ಸೊನ್ನೆ ಬರೆಯುವ ಮೊದಲೇ ಕೇಳಬೇಕಿದ್ದ ಮಾತನ್ನು ಕೇಳಿದ: "ಅಜ್ಜಿ, ಮನೇಲಿ ಯಾರಿಗಾದ್ರೂ ಜ್ವರ ಇದೆಯಾ?"

ಅಜ್ಜಿ ಪಕ್ಕಕ್ಕೆ ಸರಿದು, ಮೆಟ್ಟಿಲ ಮೇಲೆ ಅವನಿಗೂ ಜಾಗ ಮಾಡಿಕೊಟ್ಟರು.