ಬೀಗ ಮೊದಲೋ, ಮುಖ ಮೊದಲೋ

ಬೀಗ ತಿರುಗಿತು. ಆಮೇಲೆ ಮುಖ ಕಂಡಿತು.

ಇದೇ ಕ್ರಮದಲ್ಲಿ ಹೇಳಬೇಕು ಎಂದು ವೆಂಡೆಲ್ ಟಾಲಿವರ್ ಬೆಳಗಿನಿಂದ ನಾಲ್ಕನೆಯ ಸಲ ತನಗೆ ತಾನೇ ಹೇಳಿಕೊಂಡ. ಗಂಟೆ ನಿಂತಿತು, ತರಗತಿಯ ಬಾಗಿಲಿಗೆ ಬೀಗ ಹಾಕಿದೆ, ಬೋರ್ಡಿನ ಕಡೆ ತಿರುಗಿದೆ, ಆಗ ಯಾರೋ ಬಾಗಿಲು ಬಡಿದ ಹಾಗಾಯಿತು. 'ಹಾಗಾಯಿತು' ಎಂಬ ಮಾತು ಅವನಿಗೆ ಹಿಡಿಸಿತು. ಪೂರಾ ಸುಳ್ಳಲ್ಲ. ಕನ್ನಡಿಯ ಮುಂದೆ ಟೈ ಬಿಗಿಯುತ್ತ ಅದನ್ನೇ ಇನ್ನೊಮ್ಮೆ ಹೇಳಿ ನೋಡಿದ. ಹುರಿದ ಮೊಟ್ಟೆ ತಟ್ಟೆಯಲ್ಲಿ ಹಾಗೇ ತಣ್ಣಗಾಯಿತು.

ಸೋಮವಾರ ನಡೆದದ್ದು ಇಷ್ಟು. ಅವನ ಶಾಲೆಯಲ್ಲಿ ಗಂಟೆ ನಿಂತ ಕೂಡಲೇ ಪ್ರತಿ ಮೇಷ್ಟರೂ ತನ್ನ ತರಗತಿಗೆ ಬೀಗ ಹಾಕಬೇಕು. ಕಾರಿಡಾರಿನಲ್ಲಿ ಉಳಿದವರನ್ನು ಕಾವಲಿನವರು ಆಫೀಸಿಗೆ ಅಟ್ಟುತ್ತಾರೆ. ಅದಕ್ಕೆ 'ಗುಡಿಸುವುದು' ಎಂದೇ ಹೆಸರು. ಏಳನೆಯ ತರಗತಿಯ ಕಿಯಾನಾ ಪ್ರುಯಿಟ್ ಹಾಗೆ ಹೊರಗುಳಿದಳು. ಎರಡು ನಿಮಿಷದ ಮೇಲೆ ಟ್ಯಾನರ್ ಬಾಯ್ಲ್ ಎಂಬ ಹುಡುಗ ಬಾಯಿಂದ ರಕ್ತ ಸುರಿಸಿಕೊಂಡು ಆಫೀಸಿಗೆ ಓಡಿದ. ಕಿಯಾನಾ ನೀರಿನ ಸ್ಟೀಲ್ ಬಾಟಲಿಯಿಂದ ಅವನ ಮುಖಕ್ಕೆ ಹೊಡೆದಿದ್ದಳು. ಮುಂದಿನ ಎರಡು ಹಲ್ಲು ಮುರಿದಿದ್ದವು.

"ಮೂರು ಜನ ಸೇರ್ಕೊಂಡು ನನ್ನ ಮೂಲೆಗೆ ಒತ್ತಿದ್ರು," ಎಂದು ಕಿಯಾನಾ ಹೇಳಿದಳು. "ಅದಕ್ಕೂ ಮುಂಚೆ ನಾನು ಟಾಲಿವರ್ ಸಾರ್ ಬಾಗಿಲು ಬಡಿದೆ. ಸಾರ್ ಗಾಜಲ್ಲಿ ನನ್ನ ನೋಡಿದ್ರು. ತೆಗೀಲಿಲ್ಲ."

ಅವರು ಒತ್ತಿದ ಆ ಕಾರಿಡಾರಿನ ತಿರುವಿನಲ್ಲಿ ಕ್ಯಾಮೆರಾ ಇರಲಿಲ್ಲ. ಹೀಗಾಗಿ ಇವತ್ತು, ಗುರುವಾರ, ಮಧ್ಯಾಹ್ನ ಎರಡು ಗಂಟೆಯ ವಿಚಾರಣೆಯಲ್ಲಿ ವೆಂಡೆಲ್‌ನ ಮಾತೇ ಸಾಕ್ಷಿ. ನೋಡಿದೆ ಎಂದರೆ, ಹುಡುಗಿ ಹೆದರಿ ಓಡಿ ಬಂದವಳು, ದಾರಿ ಕಾಣದೆ ಹೊಡೆದವಳು, ಶಾಲೆಯಲ್ಲಿ ಉಳಿಯುತ್ತಾಳೆ; ಕಂಡೂ ಬಾಗಿಲು ತೆರೆಯದ ಮೇಷ್ಟರ ನೌಕರಿ ಉಳಿಯುವುದು ಕಷ್ಟ. ನೋಡಲಿಲ್ಲ ಎಂದರೆ ಅವಳನ್ನು ರೈಲು ಹಳಿಯ ಆಚೆಗಿನ ಇನ್ನೊಂದು ಶಾಲೆಗೆ ಕಳಿಸುತ್ತಾರೆ. ಅದು ಮೊದಲು ಟೈರಿನ ಗೋದಾಮಾಗಿತ್ತು. ದಿನಾ ಬೆಳಿಗ್ಗೆ ಮಕ್ಕಳು ಷೂ ಬಿಚ್ಚಿ ತೋರಿಸಿ ಒಳಗೆ ಹೋಗಬೇಕು. ಅಲ್ಲಿಗೆ ಹೋದ ಮಗು ಮರಳಿ ಬಂದದ್ದನ್ನು ವೆಂಡೆಲ್ ತನ್ನ ಆರು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ.

ಸ್ಟಾಫ್ ರೂಮಿನಲ್ಲಿ ವಿಜ್ಞಾನದ ಗ್ರೂಬರ್ ಅವನ ಮುಂದೆ ಕಾಫಿ ಇಟ್ಟಳು.

"ಮುಖ ಯಾಕೆ ಹಿಂಗೆ ಮಾಡ್ಕೊಂಡಿದೀಯ? ರೂಲ್ಸ್ ಅಂದ್ರೆ ರೂಲ್ಸ್ ಕಣೋ."

"ಏನಿಲ್ಲ. ನಿದ್ದೆ ಬರಲಿಲ್ಲ."

"ನೋಡು, ನೀನು ಎಲ್ಲರಿಗೂ ಒಂದೇ. ನಿನ್ನಲ್ಲಿ ನಾವು ಮೆಚ್ಚೋದೇ ಅದು."

ನಾವು ಎಂದರೆ ಯಾರು ಎಂದು ಅವನು ಕೇಳಲಿಲ್ಲ. ನಲವತ್ತೊಂದು ಜನ ಮೇಷ್ಟರಲ್ಲಿ ಕಪ್ಪು ಜನಾಂಗದವನು ಅವನೊಬ್ಬನೇ. ಅಕ್ಟೋಬರಿನಲ್ಲಿ ಜಿಲ್ಲಾ ಕಚೇರಿಯಿಂದ ಒಬ್ಬಾಕೆ ಬಂದು ಪರದೆಯ ಮೇಲೆ ಅಂಕಿ ತೋರಿಸಿದ್ದಳು: ಈ ಶಾಲೆಯ ಐದು ಮಕ್ಕಳಲ್ಲಿ ಒಂದು ಕಪ್ಪು, ಹೊರಗೆ ಹಾಕಿಸಿಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು. ನಲವತ್ತು ಜನರೂ ಪರದೆ ಬಿಟ್ಟು ಅವನ ಕಡೆ ತಿರುಗಿದ್ದರು, ಆ ಅಂಕಿಗಳನ್ನು ಹೆತ್ತವನು ಅವನೇ ಎಂಬಂತೆ. ಅವನು ನೋಟ್‌ಬುಕ್ಕಿನಲ್ಲಿ ತ್ರಿಕೋನ ಬರೆಯುತ್ತ ಕುಳಿತಿದ್ದ.

ಎಲ್ಲರಿಗೂ ಒಂದೇ. ಕಾಫಿ ನಾಲಿಗೆ ಸುಟ್ಟಿತು.

ಏಕೆಂದರೆ ಅದೇ ಸೋಮವಾರ, ಗಂಟೆ ನಿಂತ ಮೇಲೆ, ಹೇಲಿ ವಿಂಟರ್ಸ್ ಬಂದಿದ್ದಳು. ಹೊಂಬಣ್ಣದ ಕೂದಲು, ಕೈಯಲ್ಲಿ ಪಿಟೀಲಿನ ಪೆಟ್ಟಿಗೆ, "ಸಾರಿ ಸಾರ್, ಸಾರಿ ಸಾರ್." ಮುಚ್ಚುತ್ತಿದ್ದ ಬಾಗಿಲನ್ನು ಅವನು ಕಾಲಿನಿಂದ ತಡೆದು "ಬೇಗ, ಬೇಗ" ಎಂದು ನಕ್ಕಿದ್ದ. ಅದಾಗಿ ಅರ್ಧ ನಿಮಿಷಕ್ಕೆ ಕಿಯಾನಾ. ಹೇಲಿ ಒಳಗೆ ಬಂದದ್ದನ್ನು ಇಪ್ಪತ್ತೆಂಟು ಮಕ್ಕಳು ನೋಡಿದ್ದರು. ವಿಚಾರಣೆಯ ಕಾಗದದಲ್ಲಿ ಅದನ್ನು ಯಾರೂ ಬರೆದಿರಲಿಲ್ಲ. ಮುಚ್ಚಿಟ್ಟರು ಎಂದಲ್ಲ, ಅದು ಯಾರಿಗೂ ವಿಚಿತ್ರವಾಗಿ ಕಂಡಿರಲಿಲ್ಲ. ಅವನಿಗೆ ಹೆಚ್ಚು ಭಯವಾದದ್ದು ಇದಕ್ಕೇ.

ಹೇಲಿಗೆ ತೆರೆದರೆ ಸೌಜನ್ಯ. ಕಿಯಾನಾಗೆ ತೆರೆದರೆ ಪಕ್ಷಪಾತ: ಟಾಲಿವರ್ ತನ್ನವರನ್ನು ಒಳಗೆಳೆದುಕೊಳ್ಳುತ್ತಾನೆ. ಹಾಗೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳುವ ಮೊದಲೇ ಆರು ವರ್ಷದಿಂದ ಉತ್ತರ ಕೊಡುತ್ತ ಬಂದಿದ್ದ. ಹೇಲಿ ಹೋಂವರ್ಕ್ ಮರೆತರೆ ನಾಳೆ ತಾ ಎನ್ನುತ್ತಿದ್ದ. ಕಿಯಾನಾ ಮರೆತರೆ ಸೊನ್ನೆ. ತರಗತಿಯಲ್ಲಿ ಬೀಜಗಣಿತ ಎಲ್ಲರಿಗಿಂತ ಮುಂಚೆ ಬಿಡಿಸುತ್ತಿದ್ದವಳು ಅವಳು.

ಮೂರನೆಯ ಅವಧಿಯಲ್ಲಿ ಪಾಠ ಅರ್ಧವಾಗಿತ್ತು. ಬಾಗಿಲು ಬಡಿದ ಸದ್ದು.

ಅವನ ಕೈಯಿಂದ ಸೀಮೆಸುಣ್ಣ ಬಿತ್ತು. ಬಾಗಿಲಿನಲ್ಲಿ ಅಂಗೈ ಅಗಲದ ಉದ್ದ ಗಾಜು. ಅದರ ಕಡೆ ನೋಡಬೇಕೆಂದರೆ ಕತ್ತು ತಿರುಗಲೊಲ್ಲದು. ಮಕ್ಕಳು ಕಾದರು. ಮತ್ತೆ ಸದ್ದು.

"ಸಾರ್, ಯಾರೋ ಬಂದಿದಾರೆ."

"ಕೇಳಿಸ್ತು."

ಕೀಲಿ ಎರಡು ಸಲ ರಂಧ್ರ ತಪ್ಪಿತು. ಹೊರಗಿದ್ದದ್ದು ಬಾತ್‌ರೂಮಿಗೆ ಹೋಗಿದ್ದ ಡಿಲನ್.

"ಏನ್ ಸಾರ್, ದೆವ್ವ ಕಂಡ್ರಾ?" ಎಂದ ಡಿಲನ್. ತರಗತಿ ನಕ್ಕಿತು. ಅವನೂ ನಕ್ಕ.

ಕಿಯಾನಾಳ ಖಾಲಿ ಕುರ್ಚಿ ಎರಡನೆಯ ಸಾಲಿನಲ್ಲಿತ್ತು. ಹಿಂದಿನ ಸಾಲು ಟ್ಯಾನರ್ ಮತ್ತು ಅವನ ಗೆಳೆಯರದು. ಸೆಪ್ಟೆಂಬರಿನಿಂದ ಅವರಿಗೆ ಒಂದು ಆಟ: ಮೋಟು ಪೆನ್ಸಿಲನ್ನು ಅವಳ ದಟ್ಟ ಗುಂಗುರು ಕೂದಲಿಗೆ ಎಸೆಯುವುದು, ಎಷ್ಟು ನಿಂತವು ಎಂದು ಎಣಿಸುವುದು. ಅವಳಿಗೆ ಗೊತ್ತೇ ಆಗುವುದಿಲ್ಲ ಎಂದುಕೊಂಡಿದ್ದರು. ಒಂದು ದಿನ ವೆಂಡೆಲ್ ಸಾಲುಗಳ ನಡುವೆ ನಡೆಯುವಾಗ ಕೈಚಾಚಿ ಅವನ್ನು ತೆಗೆದ.

"ಎಷ್ಟಿದ್ವು ಸಾರ್?" ಎಂದಿದ್ದಳು, ತಿರುಗದೆ.

"ಒಂದು."

ನಾಲ್ಕು ಇದ್ದವು. ಉಳಿದ ಮೂರನ್ನು ಅವನು ಕೋಟಿನ ಜೇಬಿಗೆ ಹಾಕಿಕೊಂಡಿದ್ದ.

ಆ ವಾರವೇ ಅವಳು ಅವನ ಮೇಜಿನ ಹತ್ತಿರ ಬಂದಳು. "ಸಾರ್, ಊಟದ ಬಿಡುವಲ್ಲಿ ನಿಮ್ಮ ಕ್ಲಾಸಲ್ಲೇ ಕೂತ್ಕೊಳ್ಲಾ? ಏನೂ ಗಲಾಟೆ ಮಾಡಲ್ಲ."

"ಏನಾದ್ರೂ ದೂರಿದ್ರೆ ಫಾರಂ ಇದೆ. ತುಂಬಿ ಆಫೀಸಿನ ಡಬ್ಬಕ್ಕೆ ಹಾಕು."

"ಹಾಕಿದೀನಿ ಸಾರ್. ಮೂರು ಸಲ."

"ಇನ್ನೊಂದ್ಸಲ ಹಾಕು."

ಎರಡಕ್ಕೆ ಹತ್ತು ನಿಮಿಷವಿದ್ದಾಗ ವಿಚಾರಣೆಯ ಕೋಣೆಯ ಹೊರಗಿನ ಬೆಂಚಿನ ಮೇಲೆ ಕಿಯಾನಾಳ ಅಜ್ಜಿ ಕುಳಿತಿದ್ದಳು. ಅರ್ನೆಸ್ಟೀನ್ ಪ್ರುಯಿಟ್. ಚರ್ಚಿಗೆ ಹೋಗುವ ನೇರಳೆ ಹ್ಯಾಟು, ಬಿಳಿ ಗ್ಲೌಸು. ಪಕ್ಕದಲ್ಲಿ ಮೊಮ್ಮಗಳು ತಲೆ ತಗ್ಗಿಸಿದ್ದಳು. ವೆಂಡೆಲ್ ಹಾಗೇ ಸರಿದು ಹೋಗಲು ನೋಡಿದ.

"ನೀನು ಲುವೆಲ್ಲಾ ಟಾಲಿವರ್ ಮಗ ಅಲ್ವೇನೋ?"

"ಹೌದಮ್ಮ."

"ನಿಮ್ಮಮ್ಮ ನಾನು ಒಂದೇ ಸಾಲಲ್ಲಿ ನಿಂತು ಹಾಡ್ತಿದ್ವಿ. ನಿನ್ನ ಓದಿಸೋಕೆ ಅವ್ಳು ಎಷ್ಟು ಮನೆ ನೆಲ ಒರೆಸಿದ್ಲು ಅಂತ ನಂಗೊತ್ತು." ಅವನನ್ನು ಷೂಸಿನಿಂದ ಟೈವರೆಗೆ ನೋಡಿದಳು. "ಈ ಸ್ಕೂಲಲ್ಲಿ ನಮ್ಮೋರು ಎಷ್ಟು ಜನ ಮೇಷ್ಟ್ರು?"

"ನಾನೊಬ್ನೇ."

"ಹೂಂ," ಎಂದಳು ಅಜ್ಜಿ. ಅಷ್ಟೇ. ಚಾಟಿಯಿಂದ ಬಾರಿಸಿದ್ದರೆ ಅವನಿಗೆ ಇದಕ್ಕಿಂತ ವಾಸಿ ಎನಿಸುತ್ತಿತ್ತು.

ಒಳಗೆ ಪ್ರಿನ್ಸಿಪಾಲ್ ಡಾಬ್ಸನ್ ಕಾಗದ ಜೋಡಿಸುತ್ತಿದ್ದಳು. ಟ್ಯಾನರನ ಅಪ್ಪ ಬಂದಿರಲಿಲ್ಲ. ವಕೀಲರ ಪತ್ರ ಬಂದಿತ್ತು, ಜೊತೆಗೆ ಹಲ್ಲಿನ ಎರಡು ಫೋಟೋ. ಕೋಣೆಗೆ ಕಿಟಕಿ ಇರಲಿಲ್ಲ.

ಕಿಯಾನಾ ಎದುರಿಗೇ ಕುಳಿತಳು. ಅವಳ ಕೂದಲನ್ನು ಯಾರೋ ನೆತ್ತಿಗೆ ಅಂಟುವಷ್ಟು ಬಿಗಿಯಾಗಿ ಸಾಲು ಸಾಲು ಹೆಣೆದಿದ್ದರು. ಇನ್ನು ಅದರಲ್ಲಿ ಏನೂ ನಿಲ್ಲುವ ಹಾಗಿರಲಿಲ್ಲ. ಹಣೆಯ ಚರ್ಮ ಎಳೆದು ಹಿಡಿದಂತಾಗಿ ಹನ್ನೆರಡು ವರ್ಷದ ಮುಖ ದೊಡ್ಡವರ ಮುಖದಂತಿತ್ತು. ಸೋಮವಾರ ಗಾಜಿನಲ್ಲಿ ಕಂಡದ್ದು ಬೇರೆ ಮುಖ. ಕಂಡದ್ದು ಯಾವಾಗ? ಕೀಲಿ ಅವನ ಕೈಯಲ್ಲಿತ್ತು. ಇನ್ನೂ ತಿರುಗಿಸಿರಲಿಲ್ಲ. ಅವಳ ಬಾಯಿ 'ಸಾರ್' ಎಂದು ತೆರೆದಿತ್ತು. ಅವಳ ಹಿಂದೆ ಮೂರು ತಲೆಗಳಿದ್ದವು. ಅವನು ತಿರುಗಿಸಿದ.

ಮುಖ ಮೊದಲು. ಆಮೇಲೆ ಬೀಗ.

ಹೇಳಿಬಿಡುತ್ತೇನೆ ಅಂದುಕೊಂಡ. ಹಾವೂ ಸಾಯದ ಕೋಲೂ ಮುರಿಯದ ಆ ಮಾತು ಮರೆತೇ ಹೋಗಿ, 'ನೋಡಿದೆ' ಎಂಬ ಒಂದೇ ಪದ ನಾಲಿಗೆಯ ತುದಿಗೆ ಬಂತು.

"ಮೊದ್ಲು ನೀನು ಹೇಳು ಕಿಯಾನಾ," ಎಂದಳು ಡಾಬ್ಸನ್. "ನೀನು ಬಾಗಿಲು ಬಡಿದೆ, ಸಾರ್ ನೋಡಿದ್ರು ಅಂತ ಬರೆದಿದೀಯ."

ಹುಡುಗಿ ಅಜ್ಜಿಯ ಕಡೆ ನೋಡಿದಳು. ಅಜ್ಜಿ ಗ್ಲೌಸಿನ ಬೆರಳುಗಳನ್ನು ಒಂದೊಂದಾಗಿ ಎಳೆದು ಸರಿಮಾಡಿಕೊಳ್ಳುತ್ತಿದ್ದಳು.

"ಸುಳ್ಳು ಬರೆದಿದ್ದೆ ಮೇಡಂ. ಸಾರ್ ನೋಡ್ಲಿಲ್ಲ. ನಾನು ಬಡೀಲೇ ಇಲ್ಲ."

ಮೊದಲು ಬಂದದ್ದು ನಿರಾಳ. ಬಿಸಿ ನೀರು ಮೈಮೇಲೆ ಸುರಿದಂಥ ನಿರಾಳ. ಅದರ ಹಿಂದೆಯೇ ನಾಚಿಕೆ.

"ಯೋಚ್ನೆ ಮಾಡಿ ಹೇಳ್ತಿದೀಯಾ?"

"ಹೂಂ ಮೇಡಂ."

"ಟಾಲಿವರ್, ನಿಮ್ದು ಏನಾದ್ರೂ ಸೇರಿಸೋದಿದೆಯಾ?"

ಇದೆ ಎನ್ನಲು ಬಾಯಿ ತೆರೆದ. "ಇಲ್ಲ," ಎಂದ.

ಡಾಬ್ಸನ್ ನಿಟ್ಟುಸಿರು ಬಿಟ್ಟು ಅಜ್ಜಿಯ ಕಡೆ ಬಾಗಿದಳು. "ಇದನ್ನ ಹೊರಗೆ ಹಾಕಿದ್ದು ಅಂತ ತಿಳ್ಕೋಬೇಡಿ ಮಿಸೆಸ್ ಪ್ರುಯಿಟ್. ಜಾಗ ಬದಲಾವಣೆ ಅಷ್ಟೆ. ನಲವತ್ತೈದು ದಿನ."

ಅಳಿಯ ಅಲ್ಲ, ಮಗಳ ಗಂಡ. ಹೊರಗೆ ಹಾಕಿದವರ ಲೆಕ್ಕಕ್ಕೆ ಇದು ಸೇರುವುದಿಲ್ಲ. ಮುಂದಿನ ಅಕ್ಟೋಬರಿನಲ್ಲಿ ಪರದೆಯ ಮೇಲೆ ಅಂಕಿ ಇಳಿದಿರುತ್ತದೆ. ಕಿಯಾನಾ ತೋರಿಸಿದ ಕಡೆ ತನ್ನ ಹೆಸರನ್ನು ಪೂರ್ತಿಯಾಗಿ, ದುಂಡಗೆ ಬರೆದಳು. ಪುಸ್ತಕ ತರಲು ಡಾಬ್ಸನ್ ಅವಳನ್ನು ಕರೆದುಕೊಂಡು ಹೋದಳು. ಹುಡುಗಿ ಅವನ ಕಡೆ ನೋಡಲಿಲ್ಲ.

ಅಜ್ಜಿ ಎದ್ದು ಬಂದು ಅವನ ಭುಜದ ಮೇಲೆ ಕೈಯಿಟ್ಟಳು.

"ಹೆದರ್ಕೋಬೇಡ. ಹಂಗೆ ಹೇಳು ಅಂತ ರಾತ್ರಿಯೆಲ್ಲ ಕೂತು ಕಲಿಸಿದ್ದು ನಾನೇ. ಅವ್ಳು ಹೋದ್ರೆ ಒಬ್ಳು ಹೋಗ್ತಾಳೆ. ನೀನು ಹೋದ್ರೆ ಹಿಂದೆ ಬರೋ ಮಕ್ಕಳಿಗೆ ಇಲ್ಲಿ ಯಾರಿದಾರೆ?"

"ಅಮ್ಮ, ಅವಳು ಬಾಗಿಲು..."

"ನಂಗೊತ್ತು ಮಗಾ. ಅವ್ಳು ಸುಳ್ಳು ಹೇಳೋ ಹುಡುಗಿ ಅಲ್ಲ." ಅವನ ಕೆನ್ನೆ ತಟ್ಟಿದಳು, ಗ್ಲೌಸು ಒರಟಾಗಿತ್ತು. "ಅತ್ಲು ಕಣೋ. ಸಾರ್‌ಗೆ ಕೋಪ ಬರುತ್ತಾ ಅಜ್ಜಿ ಅಂತ ಕೇಳಿದ್ಲು."

ಅಜ್ಜಿ ಬಾಗಿಲು ಎಳೆದುಕೊಂಡು ಹೋದಳು. ಅವಳ ಹಿಮ್ಮಡಿಯ ಸದ್ದು ಕಾರಿಡಾರಿನ ಕೊನೆಯವರೆಗೂ ಕೇಳಿಸಿತು. ಎದ್ದು ಹಿಂದೆ ಓಡಬೇಕು, ಡಾಬ್ಸನ್‌ಳನ್ನು ನಿಲ್ಲಿಸಬೇಕು, ಈಗಲೂ ಹೊತ್ತು ಮೀರಿಲ್ಲ ಎಂದುಕೊಳ್ಳುತ್ತ ವೆಂಡೆಲ್ ಕುಳಿತೇ ಇದ್ದ.

ಆ ಕೋಣೆಯ ದೀಪಕ್ಕೆ ಸ್ವಿಚ್ಚಿರಲಿಲ್ಲ. ಒಳಗೆ ಯಾರಾದರೂ ಅಲುಗಾಡಿದರೆ ತಾನೇ ಹತ್ತಿಕೊಳ್ಳುವ, ಇಲ್ಲದಿದ್ದರೆ ತಾನೇ ಆರುವ ದೀಪ. ಎಷ್ಟು ಹೊತ್ತಾಯಿತೋ, ಟಕ್ಕೆಂದು ಆರಿತು.

ಕೈಯೆತ್ತಿದರೆ ಸಾಕಿತ್ತು. ಒಂದು ಬೆರಳಾದರೂ ಸಾಕಿತ್ತು.

ಹೊರಗೆ ಹೆಜ್ಜೆಗಳು ಬಂದು ನಿಂತವು. ಹುಡುಗಿಯ ಬ್ಯಾಗಿನ ಚಕ್ರಗಳ ಸದ್ದೂ ನಿಂತಿತು.

"ಟಾಲಿವರ್ ಸಾರ್ ಇನ್ನೂ ಒಳಗಿದಾರಾ ಮೇಡಂ?" ಕಿಯಾನಾಳ ದನಿ.

"ಇಲ್ಲಮ್ಮ. ಬಾಗಿಲ ಕೆಳಗೆ ಬೆಳಕಿಲ್ಲ ನೋಡು, ದೀಪ ಆರಿದೆ, ಯಾರೂ ಇಲ್ಲ."

ಕತ್ತಲಲ್ಲಿ ಅವನು ಉಸಿರು ಬಿಗಿಹಿಡಿದು, ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಅಲುಗದೆ ಕುಳಿತ.